ಕರಿಕಲ್ಲಿನ ವಯಸ್ಸು ಹೇಳಿದ ಕಡಲ ಚಿಪ್ಪು

ಆಲಮೇಲದ ಸೀಮೆಯಲ್ಲಿ ಬಾವಿ ತೋಡಿದವರಿಗೆ ನೆಲದ ಕೆಳಗೆ ಏನಿದೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಎರೆಮಣ್ಣು. ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ, ಮಳೆಗಾಲದಲ್ಲಿ ಎತ್ತಿನ ಕಾಲನ್ನು ಹಿಡಿದರೆ ಬಿಡದ ಮಣ್ಣು ಅದು. ಅದರಡಿಯಲ್ಲಿ ಗರಸು; ಗರಸಿನಡಿಯಲ್ಲಿ ಕರಿಕಲ್ಲು. ಕಲ್ಲನ್ನು ಒಡೆದು ಇನ್ನೂ ಕೆಳಗಿಳಿದರೆ ಒಮ್ಮೊಮ್ಮೆ ಇಟ್ಟಿಗೆಯ ಪುಡಿಯಂಥ ಕೆಂಪು ಪದರವೊಂದು ಸಿಕ್ಕುವುದು. ಅದನ್ನು ದಾಟಿದರೆ ಮತ್ತೆ ಕರಿಕಲ್ಲು. ಈಗ ಬಾವಿಗಳಿಗಿಂತ ಕೊಳವೆಬಾವಿಗಳೇ ಹೆಚ್ಚು. ಆದರೂ ಕೊರೆಯುವ ಯಂತ್ರದ ಬಾಯಿಂದ ಹೊರಬೀಳುವ ಪುಡಿಯ ಬಣ್ಣವನ್ನು ನೋಡಿಯೇ, ಯಾವ ಪದರ ಮುಗಿಯಿತು, ಯಾವುದು ತೊಡಗಿತು ಎಂದು ಹೇಳಬಲ್ಲ ರೈತರಿದ್ದಾರೆ.

ಇಂಥ ನಾಡಿನಲ್ಲಿ ಕಡಲ ಮಾತೇಕೆ ಎಂದು ವಾಚಕರು ಕೇಳಬಹುದು. ಪಡುವಣ ಕಡಲು ಇಲ್ಲಿಗೆ 300 ಕಿಲೋಮೀಟರಿಗೂ ಆಚೆ. ಮೂಡಣ ಕಡಲು ಅದಕ್ಕಿಂತಲೂ ದೂರ. ನಡುವೆ ಇರುವುದು ಬಿಳಿಜೋಳದ ಹೊಲ, ತೊಗರಿಯ ಹೊಲ, ಭೀಮಾನದಿ. ಆದರೆ ಈ ಹೊಲಗಳ ತಳದಲ್ಲಿರುವ ಕರಿಕಲ್ಲು ಯಾವ ಕಾಲದ್ದು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಗಳ ಕಾಲ ನಡೆದ ವಾದದಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷಿ ನುಡಿದವು, ಕಡಲ ಜೀವಿಗಳ ಚಿಪ್ಪುಗಳು. ಅವು ದೊರೆತುದು ಆಲಮೇಲದಲ್ಲಲ್ಲ. ಅಲ್ಲಿಂದ ಹೆಚ್ಚುಕಡಮೆ ನೇರ ಪೂರ್ವಕ್ಕೆ, ಸುಮಾರು 600 ಕಿಲೋಮೀಟರ್ ಆಚೆ, ಗೋದಾವರಿಯ ತೀರದ ರಾಜಮಹೇಂದ್ರಿಯಲ್ಲಿ.

ಕಡಲಿತ್ತು, ಚಿಪ್ಪಿರಲಿಲ್ಲ

ಮೊದಲು ಮನೆಯ ಬಾಗಿಲಲ್ಲೇ ಇರುವ ಒಂದು ವಿಚಿತ್ರವನ್ನು ಹೇಳಬೇಕು. ಆಲಮೇಲದ ನೆರೆಹೊರೆಯಲ್ಲಿ ಕಡಲಿನಿಂದಲೇ ಹುಟ್ಟಿದ ಕಲ್ಲೂ ಉಂಟು. ಇಂಡಿ, ಸಿಂದಗಿ, ಬಾಗೇವಾಡಿಗಳ ಜನ ಮನೆಗೆ ಹಾಸುವ ಫರಸಿಯೇ ಅದು. ತಾಳಿಕೋಟಿಯ ಕಲ್ಲೆಂದೂ ಶಹಾಬಾದಿನ ಕಲ್ಲೆಂದೂ ಅದಕ್ಕೆ ಹೆಸರು. ಬೂದಿ, ನೀಲಿ, ಹಸುರು ಛಾಯೆಗಳಲ್ಲಿ, ಹಲಗೆ ಹಲಗೆಯಾಗಿ ಏಳುವ ಈ ಸುಣ್ಣಶಿಲೆ ತಾಳಿಕೋಟಿಯಿಂದ ಈಶಾನ್ಯಕ್ಕೆ ಶಹಾಬಾದ, ವಾಡಿ, ಸೇಡಂಗಳವರೆಗೆ ಹಬ್ಬಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹದಲ್ಲಿ ಸೇರಿಸುತ್ತಾರೆ. ರಾಬರ್ಟ್ ಬ್ರೂಸ್ ಫುಟ್ ಎಂಬ ಆಂಗ್ಲ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಪ್ರಾಂತದ ವರದಿಯಲ್ಲಿ ಇದರ ವಿವರಣೆಯಿದೆ.

ಆಳವಿಲ್ಲದ ಕಡಲಿನ ತಳದಲ್ಲಿ ಸಣ್ಣನೆಯ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ನಿಂತು ಗಟ್ಟಿಯಾದ ಕಲ್ಲು ಇದು. ಆದರೆ ಎಷ್ಟು ಹಲಗೆಗಳನ್ನು ಎಬ್ಬಿಸಿದರೂ ಅದರಲ್ಲಿ ಒಂದು ಶಂಖವಾಗಲಿ ಸಿಂಪಿಯಾಗಲಿ ಕಾಣಸಿಗದು. ಕಾರಣ ಸರಳವಾದುದು: ಆ ಕಡಲಿನಲ್ಲಿ ಚಿಪ್ಪು ಕಟ್ಟುವ ಪ್ರಾಣಿಗಳೇ ಇರಲಿಲ್ಲ. ಪ್ರಾಣಿಗಳು ಚಿಪ್ಪು, ಕವಚಗಳನ್ನು ಹೇರಳವಾಗಿ ಕಟ್ಟಿಕೊಳ್ಳಲು ತೊಡಗಿದ್ದು ಈಗ್ಗೆ ಸುಮಾರು 54 ಕೋಟಿ ವರ್ಷಗಳ ಹಿಂದೆ. ಫರಸಿಯ ಕಡಲು ಅದಕ್ಕೂ ಹಿಂದಿನದೆಂಬುದು ಸಾಮಾನ್ಯವಾದ ಎಣಿಕೆ. ಅದರಲ್ಲಿ ದೊರೆತಿರುವುದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಜೀವಕಣಗಳ ಗುರುತು. ಆದ್ದರಿಂದಲೇ ಭೀಮಾ ಶಿಲೆಗಳ ವಯಸ್ಸಿನ ವಿಷಯದಲ್ಲಿ ವಿದ್ವಾಂಸರು ಕೊಡುವ ಅಂಕೆಗಳಲ್ಲಿ ಕೋಟಿಗಟ್ಟಲೆ ವರ್ಷಗಳ ಅಂತರವಿರುತ್ತದೆ. ಚಿಪ್ಪುಗಳಿಲ್ಲದ ಕಡಲು ಮಿತಿ ಬರೆಯದ ಕಾಗದದಂತೆ. ಓದಬಹುದು, ಯಾವ ದಿನ ಬರೆದದ್ದು ಎಂದು ಹೇಳಲಾಗದು.

ಆ ಕಡಲು ಬತ್ತಿ, ಅದರ ತಳ ಕಲ್ಲಾಗಿ, ಮಳೆಗಾಳಿಗೆ ಮೈಯೊಡ್ಡಿ ಯುಗಗಳೇ ಕಳೆದ ಮೇಲೆ ಅದರ ಮೇಲೆ ಹರಿದು ಬಂದುದು ಕರಿಕಲ್ಲು.

ಬೆಂಕಿಯ ಹೊದಿಕೆ

ಕರಿಕಲ್ಲು ಒಂದು ಕಾಲದಲ್ಲಿ ದ್ರವವಾಗಿತ್ತು. ಭೂಮಿಯ ಮೈ ಬಿರಿದ ಸೀಳುಗಳಿಂದ ಉಕ್ಕಿದ ಶಿಲಾರಸ ತಗ್ಗು ಹುಡುಕುತ್ತ ಹರಿದು, ತಣಿದು, ಹೆಪ್ಪುಗಟ್ಟಿತು. ಅದರ ಮೇಲೆ ಇನ್ನೊಂದು ಹರಿವು, ಅದರ ಮೇಲೆ ಮತ್ತೊಂದು. ಎರಡು ಹರಿವುಗಳ ನಡುವೆ ಬಿಡುವು ಸಿಕ್ಕಾಗ ಮೇಲ್ಮೈ ಶಿಥಿಲಗೊಂಡು ಮಣ್ಣಾಯಿತು. ಮುಂದಿನ ಹರಿವು ಅದನ್ನು ಮುಚ್ಚಿ ಸುಟ್ಟಿತು. ಬಾವಿಯಲ್ಲಿ ಕಾಣುವ ಕೆಂಪು ಪದರಗಳಲ್ಲಿ ಹೆಚ್ಚಿನವುಗಳ ಕಥೆ ಇದು. ಹೀಗೆ ಬೆಳೆದ ಶಿಲಾರಾಶಿ ಸಹ್ಯಾದ್ರಿಯ ಕಡೆಗೆ ಎರಡು ಕಿಲೋಮೀಟರಿಗೂ ಮಿಗಿಲಾದ ದಪ್ಪವುಳ್ಳದ್ದು. ಆಗ್ನೇಯಕ್ಕೆ ಬರಬರುತ್ತ ತೆಳುವಾಗಿ, ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ಅದರ ಅಂಚು ಕೊನೆಗಾಣುತ್ತದೆ. ಇಂದು ಉಳಿದಿರುವ ಹರವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಗುಡ್ಡಗಳನ್ನು ನೋಡಿ, ಮೆಟ್ಟಿಲೆಂಬ ಅರ್ಥದ ಸ್ವೀಡನ್ ದೇಶದ ಮಾತಿನಿಂದ ಇದಕ್ಕೆ 'ಡೆಕ್ಕನ್ ಟ್ರ್ಯಾಪ್' ಎಂಬ ಹೆಸರು ನಿಂತಿತು.

ಇದರ ವಯಸ್ಸನ್ನು ಅಳೆಯುವುದು ಹೇಗೆ? ಬೆಂಕಿಯಲ್ಲಿ ಹುಟ್ಟಿದ ಕಲ್ಲಿನಲ್ಲಿ ಜೀವದ ಗುರುತನ್ನು ಹುಡುಕುವುದು ಒಲೆಯಲ್ಲಿ ಮೊಳಕೆಯನ್ನು ಹುಡುಕಿದಂತೆ. ಆದರೆ ಹರಿವು ಹರಿವುಗಳ ನಡುವಣ ಬಿಡುವಿನ ಕಾಲದಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾಗುತ್ತಿದ್ದವು. ಕೆರೆಗಳಲ್ಲಿ ಬಸವನಹುಳು, ಮೀನು, ಪಾಚಿ, ದಂಡೆಯಲ್ಲಿ ಗಿಡಮರ. ಅವು ಸತ್ತು ಕೆಸರಿನಲ್ಲಿ ಹೂತುಹೋದ ಮೇಲೆ ಮುಂದಿನ ಹರಿವು ಬಂದು ಬೀಗ ಜಡಿದಂತೆ ಎಲ್ಲವನ್ನೂ ಮುಚ್ಚಿತು. ಇಂಥ ನಡುಪದರಗಳು ನಮ್ಮ ಭಾಗದಲ್ಲಿಯೂ ಉಂಟು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನಲ್ಲಿ ದೊರೆತ ನಡುಪದರದಲ್ಲಿ ಸಿಹಿನೀರಿನ ಆಸ್ಟ್ರಕಾಡ್ ಎಂಬ ಎಳ್ಳಿಗಿಂತಲೂ ಸಣ್ಣ ಕವಚಜೀವಿಗಳೂ ಕೇರೊಫೈಟ್ ಎಂಬ ಕೆರೆಪಾಚಿಯ ಬೀಜಗಳಂಥ ಕಾಯಿಗಳೂ ಸಿಕ್ಕಿವೆ. ಅಲ್ಲಿ ಒಂದು ಕಾಲಕ್ಕೆ ತಿಳಿನೀರಿನ ಕೆರೆ ಇತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಡ.

ಕೆರೆ ಇತ್ತೆಂಬುದೇನೋ ಸರಿ. ಅದು ಯಾವಾಗ ಇತ್ತು?

ಇಲ್ಲಿಯೇ ತೊಡಕು. ಕೆರೆಯ ಜೀವಿ ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಮಡಿಯುವಂಥದು. ಗುರುಮಠಕಲ್ಲಿನ ಕೆರೆಯ ಹುಳುವನ್ನು ಫ್ರಾನ್ಸಿನ ಕೆರೆಯ ಹುಳುವಿನೊಡನೆ ಹೋಲಿಸಿ ಇವೆರಡೂ ಒಂದೇ ಕಾಲದವು ಎಂದು ಖಂಡಿತವಾಗಿ ಹೇಳುವುದು ಕಷ್ಟ. ಕಡಲಿನ ಜೀವಿಯ ರೀತಿ ಬೇರೆ. ಕಡಲುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ನೀರಿನ ಮೇಲೆ ತೇಲುವ ಜೀವಿಯೊಂದು ಹುಟ್ಟಿಕೊಂಡರೆ ಪ್ರವಾಹಗಳು ಅದರ ಸಂತತಿಯನ್ನು ಜಗತ್ತಿನ ಉದ್ದಗಲಕ್ಕೂ ಒಯ್ದು ಹರಡುತ್ತವೆ. ಅದರ ಕುಲ ನಶಿಸಿದಾಗ ಎಲ್ಲೆಡೆಯಲ್ಲಿಯೂ ನಶಿಸುತ್ತದೆ. ಆದ್ದರಿಂದ ಟ್ಯುನೀಸಿಯದ ಕಲ್ಲಿನಲ್ಲಿಯೂ ಆಂಧ್ರದ ಕಲ್ಲಿನಲ್ಲಿಯೂ ಅದೇ ಜೀವಿ ಕಂಡರೆ ಎರಡು ಕಲ್ಲುಗಳೂ ಸಮಕಾಲೀನವೆನ್ನಬಹುದು. ಪದರಗಳನ್ನು ಅವುಗಳೊಳಗಿನ ಚಿಪ್ಪುಗಳಿಂದ ಗುರುತಿಸಬಹುದೆಂಬ ಈ ಉಪಾಯವನ್ನು ಕಂಡುಕೊಂಡವನು ಇಂಗ್ಲೆಂಡಿನಲ್ಲಿ ಕಾಲುವೆಗಳ ಮೋಜಣಿ ಮಾಡುತ್ತಿದ್ದ ವಿಲಿಯಂ ಸ್ಮಿತ್. ಅವನ ನಕಾಶೆ 1815ರಲ್ಲಿ ಹೊರಬಂದಿತು.

ಕಡಲ ಜೀವಿಯ ಅವಶೇಷವೊಂದು ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿಯೇ ಇರುವುದುಂಟು. ನೇಪಾಳದ ಗಂಡಕೀ ನದಿಯಿಂದ ಬರುವ ಸಾಲಿಗ್ರಾಮವೇ ಅದು. ಅದರ ಒಡಲಲ್ಲಿ ಚಕ್ರದಂತೆ ಸುತ್ತಿಕೊಂಡಿರುವ ಗುರುತು ಅಮೋನೈಟ್ ಎಂಬ ಕಡಲ ಪ್ರಾಣಿಯ ಚಿಪ್ಪಿನದು. ಹಿಮಾಲಯವಿರುವ ಜಾಗದಲ್ಲಿ ಸುಮಾರು 15 ಕೋಟಿ ವರ್ಷಗಳ ಹಿಂದೆ ಕಡಲಿತ್ತೆಂಬುದಕ್ಕೆ ಅದು ಸಾಕ್ಷಿ. ಈ ಅಮೋನೈಟ್ ಕುಲವು ಕಡಲುಗಳನ್ನು ಆಳಿ, ದೈತ್ಯೋರಗಗಳಾದ ಡೈನೋಸಾರುಗಳು ನೆಲದ ಮೇಲೆ ಅಳಿದ ಕಾಲದಲ್ಲಿಯೇ ತಾನೂ ಅಳಿಯಿತು. ಆ ಮಹಾವಿನಾಶದ ಗೆರೆಯೇ ಕ್ರಿಟೇಷಿಯಸ್ ಯುಗದ ಕೊನೆ. ಈಗಿನ ಲೆಕ್ಕದಲ್ಲಿ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ನಮ್ಮ ಕರಿಕಲ್ಲು ಆ ಗೆರೆಯ ಹಿಂದಿನದೋ ಮುಂದಿನದೋ ಎಂಬುದೇ ವ್ಯಾಜ್ಯ. ಹಿಂದಿನದಾದರೆ ಈ ಬೆಂಕಿಗೂ ಆ ವಿನಾಶಕ್ಕೂ ಸಂಬಂಧವಿರಬಹುದು. ಬಹಳ ಮುಂದಿನದಾದರೆ ಕರಿಕಲ್ಲು ನಿರಪರಾಧಿ.

ಗೋದಾವರಿಯ ದಂಡೆಯ ಸಾಕ್ಷಿಗಳು

ಕರಿಕಲ್ಲಿನ ಮುಖ್ಯ ಹರವು ಮುಗಿದು ನೂರಾರು ಕಿಲೋಮೀಟರ್ ಬೇರೆ ಕಲ್ಲಿನ ಸೀಮೆ ಕಳೆದ ಮೇಲೆ, ರಾಜಮಹೇಂದ್ರಿಯ ಬಳಿ ಗೋದಾವರಿಯ ಎರಡೂ ದಂಡೆಗಳಲ್ಲಿ ಅದೇ ಬಗೆಯ ಕರಿಕಲ್ಲು ಒಂದು ತುಣುಕಾಗಿ ಮತ್ತೆ ತಲೆಯೆತ್ತುತ್ತದೆ. ಎಡದಂಡೆಯಲ್ಲಿ ಕಾಟೇರು, ಬಲದಂಡೆಯಲ್ಲಿ ಪಂಗಿಡಿ, ದುದ್ದುಕೂರು, ಗೌರೀಪಟ್ಟಣ. ಇಲ್ಲಿಯೂ ಎರಡು ಹರಿವುಗಳು, ನಡುವೆ ಕೆಲವು ಮೀಟರು ದಪ್ಪದ ಸುಣ್ಣ ಜೇಡಿಗಳ ಪದರ. ಆದರೆ ಈ ನಡುಪದರ ಕೆರೆಯದಲ್ಲ. ಇದರಲ್ಲಿ ಉಪ್ಪುನೀರಿನ ಚಿಪ್ಪುಗಳಿವೆ.

ಈ ಚಿಪ್ಪುಗಳ ಮಹತ್ತ್ವವನ್ನು ಮೊದಲು ವಿವರವಾಗಿ ಬರೆದವನು ನಾಗಪುರದಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹಿಸ್ಲಾಪ್. ಧರ್ಮಪ್ರಚಾರಕ್ಕೆಂದು ಬಂದು ಕಲ್ಲುಗಳ ಮೋಹಕ್ಕೆ ಸಿಕ್ಕಿದವನು ಆತ. 1860ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ದೀರ್ಘ ಲೇಖನದಲ್ಲಿ, ನಾಗಪುರದ ಕಡೆಯ ನಡುಪದರಗಳು ಸಿಹಿನೀರಿನವೆಂದೂ ರಾಜಮಹೇಂದ್ರಿಯದು ನದಿ ಕಡಲನ್ನು ಸೇರುವ ಅಳಿವೆಯದೆಂದೂ ವಿಂಗಡಿಸಿದ. ವಯಸ್ಸಿನ ವಿಷಯದಲ್ಲಿ ಅವನ ತೀರ್ಪು, ಇವು ಕ್ರಿಟೇಷಿಯಸ್ ಮುಗಿದ ಮೇಲಣ ಟರ್ಷಿಯರಿ ಯುಗದವು ಎಂಬುದು. ಮೂರು ವರ್ಷಗಳ ತರುವಾಯ, 1863ರಲ್ಲಿ, ನಾಗಪುರದ ಬಳಿಯ ಪ್ರಾಚೀನ ಶಿಲಾವೃತ್ತಗಳನ್ನು ನೋಡಿ ಕುದುರೆಯ ಮೇಲೆ ಹಿಂತಿರುಗುವಾಗ ತುಂಬಿದ ಹೊಳೆಯಲ್ಲಿ ಆತ ಮುಳುಗಿ ತೀರಿಕೊಂಡ.

ಹಿಸ್ಲಾಪನ ತೀರ್ಪನ್ನು ಎಲ್ಲರೂ ಒಪ್ಪಲಿಲ್ಲ. ಕರಿಕಲ್ಲು ಕ್ರಿಟೇಷಿಯಸ್ ಕಾಲದ್ದೇ ಎಂಬ ಪಕ್ಷವೂ ಬಲವಾಗಿತ್ತು. 1934ರಲ್ಲಿ ಸಸ್ಯಾವಶೇಷಗಳ ಮಹಾಪಂಡಿತ ಬೀರ್‌ಬಲ್ ಸಾಹ್ನಿಯವರು ಬೆಂಗಳೂರಿನಿಂದ ಹೊರಡುತ್ತಿದ್ದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು, ತಾಳೆಯೇ ಮೊದಲಾದ ಸಸ್ಯಗಳ ಆಧಾರದಿಂದ ಟರ್ಷಿಯರಿಯ ಪಕ್ಷವನ್ನು ಎತ್ತಿ ಹಿಡಿದರು.

ಕನ್ನಡಿಗರು ಇಲ್ಲಿ ಅಭಿಮಾನಪಡಬೇಕಾದ ಒಂದು ಅಧ್ಯಾಯವಿದೆ. ಆ ದಿನಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಎಲ್. ರಾಮರಾಯರಿದ್ದರು. ತಿರುಚಿನಾಪಳ್ಳಿಯ ಕಡೆಯ ಕ್ರಿಟೇಷಿಯಸ್ ಕೊನೆಗಾಲದ ಕಡಲಶಿಲೆಗಳಲ್ಲಿ ಸುಣ್ಣದ ಪಾಚಿಗಳನ್ನು ಗುರುತಿಸಿ, ವಿಯೆನ್ನಾ ನಗರದ ಯೂಲಿಯಸ್ ಪಿಯಾ ಎಂಬ ವಿದ್ವಾಂಸರೊಡಗೂಡಿ 1936ರಲ್ಲಿ ಅವರು ಗ್ರಂಥ ಪ್ರಕಟಿಸಿದರು. ಎಸ್. ಆರ್. ನಾರಾಯಣರಾವ್, ಕೆ. ಶ್ರೀಪಾದರಾವ್ ಇವರಿಬ್ಬರು ಅದೇ ಕಣ್ಣನ್ನು ರಾಜಮಹೇಂದ್ರಿಯ ನಡುಪದರದತ್ತ ತಿರುಗಿಸಿದರು. ಸುಣ್ಣಶಿಲೆಯ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವವರೆಗೂ, ಎಂದರೆ ಕೂದಲಿಗಿಂತಲೂ ತೆಳುವಾಗುವವರೆಗೂ ಉಜ್ಜಬೇಕು. ತಾಳ್ಮೆಗೆಟ್ಟು ಒಂದು ಉಜ್ಜು ಹೆಚ್ಚಾದರೆ ಗಾಜು ಮಾತ್ರ ಉಳಿಯುತ್ತದೆ. ಹಾಗೆ ತಯಾರಾದ ಬಿಲ್ಲೆಗಳಲ್ಲಿ ಡ್ಯಾಸಿಕ್ಲಾಡ್ ಎಂಬ ಪಾಚಿಗಳು ಕಂಡವು. 1937ರಲ್ಲಿ ಪಿಯಾ ಅವರೊಡನೆ ಅವರಿಬ್ಬರೂ ಈ ಸಂಗತಿಯನ್ನು ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಈ ಜಾತಿಯ ಪಾಚಿ ಇಂದಿಗೂ ಬೆಚ್ಚನೆಯ, ಆಳವಿಲ್ಲದ, ಬಿಸಿಲು ತಳ ಮುಟ್ಟುವ ಕಡಲಿನಲ್ಲಿ ಬೆಳೆಯುತ್ತದೆ. ಒಂದು ಪಾಚಿಯ ಬಿಲ್ಲೆಯಿಂದ ಆ ದಂಡೆಯ ನೀರಿನ ಆಳ, ಕಾವು, ತಿಳಿ ಮೂರೂ ಹೊರಬಿದ್ದವು. ಜೊತೆಯಲ್ಲಿ ಫೊರಮಿನಿಫೆರಾ ಎಂಬ ಇನ್ನೊಂದು ಬಗೆಯ ಜೀವಿಗಳೂ ಕಂಡವು. ಕೊನೆಗೆ ವ್ಯಾಜ್ಯವನ್ನು ತೀರ್ಮಾನದ ಹೊಸ್ತಿಲಿಗೆ ತಂದು ನಿಲ್ಲಿಸಿದ್ದು ಇವೇ.

ಸಾಣಿಗೆಯಲ್ಲಿ ಸಿಕ್ಕ ಗಡಿಯಾರ

ಫೊರಮಿನಿಫೆರಾ ಎಂದರೆ ರಂಧ್ರಗಳನ್ನು ಧರಿಸಿದ್ದು ಎಂದರ್ಥ. ಒಂದೇ ಜೀವಕೋಶದ ಪ್ರಾಣಿ. ಆದರೂ ತನ್ನ ಸುತ್ತ ಸುಣ್ಣದ ಪುಟ್ಟ ಕೋಣೆಗಳ ಮನೆಯನ್ನು ಕಟ್ಟಿಕೊಳ್ಳುತ್ತದೆ. ದೊಡ್ಡದಾದಂತೆ ಇನ್ನೊಂದು ಕೋಣೆ, ಮತ್ತೊಂದು ಕೋಣೆ. ಇವುಗಳಲ್ಲಿ ಕೆಲವು ಕಡಲ ತಳದಲ್ಲಿ ತೆವಳುವಂಥವು, ಕೆಲವು ನೀರಿನಲ್ಲಿ ತೇಲುವಂಥವು. ತಳದವು ಆ ದಂಡೆಯ ಸ್ಥಿತಿಗತಿಯನ್ನು ಹೇಳುತ್ತವೆ; ತೇಲುವವು ಕಾಲವನ್ನು ಹೇಳುತ್ತವೆ.

ಇವನ್ನು ಹೊರತೆಗೆಯುವ ಕೆಲಸ ಅಡುಗೆಮನೆಯ ಕೆಲಸವನ್ನೇ ಹೋಲುತ್ತದೆ. ಜೇಡಿಯ ಹೆಂಟೆಯನ್ನು ನೀರಿನಲ್ಲಿ ನೆನೆಹಾಕಿ ಕರಗಿಸಬೇಕು. ಹಿಟ್ಟಿನ ಸಾಣಿಗೆಗಿಂತ ಎಷ್ಟೋ ಪಾಲು ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಅದನ್ನು ತೊಳೆಯಬೇಕು. ಉಳಿದ ನುಚ್ಚನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆ ಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಹೆಕ್ಕಿ ತೆಗೆಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ಇದು ತಿರುವುಮುರುವು. ಇಲ್ಲಿ ಕಲ್ಲಿನೊಳಗಿನಿಂದ ಕಾಳನ್ನು ಆರಿಸುವುದು.

ಕ್ರಿಟೇಷಿಯಸ್ ಯುಗದ ಕೊನೆಯಲ್ಲಿ ತೇಲುವ ಫೊರಮಿನಿಫೆರಾಗಳು ವೈಭವದಿಂದ ಬಾಳಿದ್ದವು. ದೊಡ್ಡ ಗಾತ್ರ, ಅಂಚಿಗೆ ಕಟ್ಟು, ಮೈಮೇಲೆ ಕುಸುರಿ. ಮಹಾವಿನಾಶದ ಗೆರೆಯಲ್ಲಿ ಅವು ಹೆಚ್ಚುಕಡಮೆ ಸಂಪೂರ್ಣವಾಗಿ ಅಳಿದುಹೋದವು. ಗೆರೆಯ ಮೇಲಣ ಪದರದಲ್ಲಿ ಸಿಕ್ಕುವುದು ಮಿಲಿಮೀಟರಿನ ಹತ್ತನೆಯ ಒಂದು ಪಾಲೂ ಇಲ್ಲದ, ಅಲಂಕಾರವಿಲ್ಲದ, ಬಡಕಲು ಚಿಪ್ಪುಗಳು. ದೊಡ್ಡ ಮನೆತನವೆಲ್ಲ ಹಾಳಾದ ಊರಿನಲ್ಲಿ ಗುಡಿಸಲುಗಳು ಮಾತ್ರ ಉಳಿದಂತೆ. ಈ ಬಡಕಲು ಜೀವಿಗಳಲ್ಲಿ ಕೆಲವಂತೂ ಭೂಚರಿತ್ರೆಯ ಲೆಕ್ಕದಲ್ಲಿ ರೆಪ್ಪೆ ಬಡಿಯುವಷ್ಟು ಕಾಲ, ಎಂದರೆ ಕೆಲವು ಲಕ್ಷ ವರ್ಷ ಮಾತ್ರ ಬಾಳಿ ಕಣ್ಮರೆಯಾದವು. ಅಲ್ಪಾಯುಷಿಯೇ ಒಳ್ಳೆಯ ಗಡಿಯಾರ: ಅದು ಕಂಡಲ್ಲಿ ಕಾಲ ಇಷ್ಟೇ, ಇದರಾಚೆ ಈಚೆ ಅಲ್ಲ ಎಂದು ಹೇಳಬಹುದು.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆರ್ಟಾ ಕೆಲ್ಲರ್, ಸ್ವಿಟ್ಜರ್ಲೆಂಡಿನ ಥಿಯರಿ ಅದತ್ತೆ, ರೂರ್ಕಿಯ ಸುನೀಲ್ ಬಾಜಪೇಯಿ ಮೊದಲಾದವರು ರಾಜಮಹೇಂದ್ರಿಯ ಕಲ್ಲುಗಣಿಗಳ ನಡುಪದರವನ್ನು ಅಡಿಯಿಂದ ಮುಡಿಯವರೆಗೆ ಅಂಗುಲ ಅಂಗುಲವಾಗಿ ತೊಳೆದು ನೋಡಿ, 2008ರಲ್ಲಿ ಫಲವನ್ನು ಪ್ರಕಟಿಸಿದರು. ಕೆಳಹರಿವಿನ ಮೇಲೆ ಕೂತ ಕೆಸರಿನಲ್ಲಿ ಸಿಕ್ಕಿದ್ದು ಆ ಬಡಕಲು ಚಿಪ್ಪುಗಳೇ. ಎಂದರೆ ವಿನಾಶ ಮುಗಿದ ಕೂಡಲೇ, ಇನ್ನೂ ಕಡಲು ಚೇತರಿಸಿಕೊಳ್ಳುತ್ತಿದ್ದಾಗಲೇ ಈ ಕೆಸರು ಕೂತಿತು. ಕೆಳಹರಿವು ವಿನಾಶದ ಗೆರೆಯ ಸಮೀಪದ್ದು. ಆಮೇಲೆ ಕೃಷ್ಣಾ ಗೋದಾವರಿಗಳ ಮುಖಜಭೂಮಿಯಲ್ಲಿ ತೈಲಶೋಧನೆಗಾಗಿ ಸರಕಾರದ ತೈಲ ಸಂಸ್ಥೆ ಕಿಲೋಮೀಟರುಗಟ್ಟಲೆ ಆಳಕ್ಕೆ ಕೊರೆಸಿದ್ದ ಬಾವಿಗಳ ಕಲ್ಲನ್ನೂ ಇದೇ ರೀತಿ ಪರೀಕ್ಷಿಸಿ 2011ರಲ್ಲಿ ಬರೆದರು. ಅಲ್ಲಿ ಕೆಳಗಣ ಹರಿವುಗಳ ನಡುನಡುವೆ ಕ್ರಿಟೇಷಿಯಸ್ ಕೊನೆಗಾಲದ ಚಿಪ್ಪುಗಳೇ ಇದ್ದವು. ಹರಿವಿನಿಂದ ಹರಿವಿಗೆ ಅವುಗಳ ಜಾತಿಗಳು ಕಡಮೆಯಾಗುತ್ತ ಹೋಗಿದ್ದವು. ಸಾಹ್ನಿಯವರ ಪಕ್ಷ, ಎದುರು ಪಕ್ಷ ಎರಡೂ ಅರ್ಧರ್ಧ ಗೆದ್ದವೆಂದೇ ಹೇಳಬೇಕು: ಕರಿಕಲ್ಲು ಯುಗಾಂತದ ಗೆರೆಯ ಮೇಲೆ ಎರಡೂ ಕಾಲಿಟ್ಟು ನಿಂತಿದೆ.

ಅಳಿದ ದಂಡೆಯ ಚಿತ್ರ

ಚಿಪ್ಪುಗಳು ಕಾಲವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ದಂಡೆಯ ಚಿತ್ರವನ್ನೂ ಬಿಡಿಸಿದವು. ಕರಿಕಲ್ಲು ಬರುವುದಕ್ಕೆ ಮೊದಲು ಅಲ್ಲಿ ಕಡಲಿತ್ತು. ದುದ್ದುಕೂರಿನಲ್ಲಿ ಕೆಳಹರಿವಿನ ಅಡಿಗಿರುವ ಸುಣ್ಣಶಿಲೆಯಲ್ಲಿ ಟರಿಟೆಲ್ಲಾ ಎಂಬ, ತಿರುಪುಮೊಳೆಯಂತೆ ಉದ್ದನೆಯ ಕಡಲ ಶಂಖಗಳು ತುಂಬಿವೆ. ಅದರ ಮೇಲೆ ಬೆಂಕಿಯ ಹೊಳೆ ಬಂದು ಹರಡಿತು. ತಣಿದ ಕಲ್ಲಿನ ಮೇಲೆ ಕಡಲು ಮರಳಿ ಏರಿತು. ಈಗ ಹುಟ್ಟಿದುದು ಅಳಿವೆ. ಒಂದು ಪದರದಲ್ಲಿ ಸಿಂಪಿಗಳು: ಸಿಹಿನೀರು ಉಪ್ಪುನೀರು ಬೆರೆಯುವಲ್ಲಿ ಅವು ನೆಲೆಸುತ್ತವೆ, ನಮ್ಮ ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಇನ್ನೊಂದರಲ್ಲಿ ಕೇರೊಫೈಟಿನ ಕಾಯಿಗಳು: ಒಳನಾಡಿನ ಹಳ್ಳ ಅವನ್ನು ತಂದು ಹಾಕಿರಬೇಕು, ಇಲ್ಲವೆ ಅಲ್ಲಿ ಸಿಹಿನೀರು ಮೇಲುಗೈಯಾಗಿರಬೇಕು. ಮತ್ತೊಂದರಲ್ಲಿ ತೇಲುವ ಫೊರಮಿನಿಫೆರಾ: ತೆರೆದ ಕಡಲು ಒಳಗೆ ನುಗ್ಗಿದ ಕಾಲ. ಕೊಟ್ಟಕೊನೆಯಲ್ಲಿ, ಮೇಲುಹರಿವಿನ ಅಡಿಗೆ, ಚಿಪ್ಪುಗಳಿಲ್ಲದ ಹಳೆಯ ಮಣ್ಣಿನ ಪದರ. ಕಡಲು ಹಿಂದೆ ಸರಿದು, ನೆಲ ತೇಲಿ, ಬಿಸಿಲಿಗೆ ಒಣಗಿದ ಮೇಲೆ ಎರಡನೆಯ ಬೆಂಕಿಯ ಹೊಳೆ ಬಂದಿತು. ಮೂರಾಳು ಎತ್ತರದ ಗಣಿಯ ಗೋಡೆಯೊಂದರಲ್ಲಿ ಕಡಲು ಬಂದುದು, ನಿಂತುದು, ಹೋದುದು ಎಲ್ಲವೂ ಇದೆ. ಶಾಸನಗಳನ್ನು ಓದುವವರಿಗೂ ಇಷ್ಟು ಒಪ್ಪವಾದ ಸಾಲುಗಳು ಸುಲಭವಾಗಿ ಸಿಕ್ಕುವುದಿಲ್ಲ.

ಇಷ್ಟಾದರೂ ಒಂದು ಸಂದೇಹ ಉಳಿಯಿತು. ರಾಜಮಹೇಂದ್ರಿಯ ತುಣುಕಿಗೂ ನಮ್ಮ ಕರಿಕಲ್ಲಿಗೂ ಸಂಬಂಧವಿದೆಯೆಂದು ಹೇಳುವವರು ಯಾರು? ಅಲ್ಲಿಯೇ ಬೇರೆ ಸೀಳೊಂದು ಬಾಯ್ತೆರೆದು ಬೇರೆ ಬೆಂಕಿ ಉಕ್ಕಿರಬಾರದೇಕೆ? ಇದಕ್ಕೆ ಉತ್ತರ ಕೊಟ್ಟುದು ರಸಾಯನಶಾಸ್ತ್ರ. ಸಹ್ಯಾದ್ರಿಯ ಹರಿವುಗಳನ್ನು ಅವುಗಳಲ್ಲಿರುವ ಧಾತುಗಳ ಪ್ರಮಾಣದಿಂದ ವರ್ಗ ವರ್ಗವಾಗಿ ವಿಂಗಡಿಸಿದ್ದಾರೆ. ರಾಜಮಹೇಂದ್ರಿಯ ಕೆಳಹರಿವು ಅಂಬೇನಳಿ ವರ್ಗಕ್ಕೂ ಮೇಲುಹರಿವು ಮಹಾಬಳೇಶ್ವರ ವರ್ಗಕ್ಕೂ ಹೊಂದುತ್ತದೆ. ಕಲ್ಲು ತಣಿಯುವಾಗ ಅದರಲ್ಲಿ ಅಚ್ಚಾಗುವ ಭೂಕಾಂತದ ದಿಕ್ಕೂ ಅದಕ್ಕೆ ತಾಳೆಯಾಗುತ್ತದೆ. ಇಂಗ್ಲೆಂಡಿನ ಸ್ಟೀಫನ್ ಸೆಲ್ಫ್ ಮತ್ತು ಸಂಗಡಿಗರು 2008ರಲ್ಲಿ ಬರೆದಂತೆ, ಇವು ಹಳೆಯ ನದೀಕಣಿವೆಗಳ ಗುಂಟ 1,000 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿಯನ್ನು ಮುಟ್ಟಿದ ಹೊಳೆಗಳು. ಭೂಮಿಯ ಮೇಲೆ ಬಲ್ಲವುಗಳಲ್ಲೆಲ್ಲ ಅತಿ ಉದ್ದನೆಯವಿರಬಹುದು. ಅಷ್ಟು ದೂರ ತಣಿಯದೆ ಹರಿಯುವುದು ಹೇಗೆ ಎಂದರೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲ್ಮೈ ಗಟ್ಟಿಯಾಗುತ್ತದೆ. ಆ ಕೆನೆಯೇ ಕಂಬಳಿಯಾಗಿ ಒಳಗಿನ ಬಿಸಿಯನ್ನು ಕಾಯುತ್ತದೆ. ರಸ ಅದರಡಿಯಲ್ಲಿ ಮುಂದೆ ಮುಂದೆ ಸಾಗುತ್ತದೆ.

ದಖ್ಖನಿನ ಈ ದಕ್ಷಿಣದ ಅಂಚಿಗೆ ಹಬ್ಬಿರುವುದು ಸಹ್ಯಾದ್ರಿಯ ಮೇಲಣ, ಎಂದರೆ ಕಿರಿಯ ವರ್ಗಗಳ ಹರಿವುಗಳೇ. ಆಲಮೇಲದ ಒಂದು ಹೊಲದಡಿಯ ಕಲ್ಲೇ ಗೋದಾವರಿಯನ್ನು ಮುಟ್ಟಿತೆಂದು ಯಾರೂ ಆಣೆಯಿಟ್ಟು ಹೇಳುವಂತಿಲ್ಲ. ಆದರೆ ಕುಲ ಒಂದೇ. ಸಹ್ಯಾದ್ರಿಯ ನೆತ್ತಿಯಿಂದ ಮೂಡಣಕ್ಕೆ ಕೃಷ್ಣೆ ಭೀಮೆಯರು ಇಂದು ಇಳಿಯುವ ಇಳಿಜಾರಿನ ಕಡೆಗೇ ಆ ಬೆಂಕಿಯೂ ಇಳಿದು ಹೋಯಿತು.

ಮುಗಿಯದ ವ್ಯಾಜ್ಯ

ಇನ್ನು ವಿನಾಶಕ್ಕೆ ಹೊಣೆ ಯಾರು? 1980ರಲ್ಲಿ ಅಮೆರಿಕದ ಆಲ್ವಾರೆಜ್ ತಂದೆಮಕ್ಕಳು ಮತ್ತು ಅವರ ಸಂಗಡಿಗರು ಯುಗಾಂತದ ಪದರದಲ್ಲಿ ಇರಿಡಿಯಂ ಎಂಬ ವಿರಳ ಲೋಹ ಅಳತೆಮೀರಿ ಇರುವುದನ್ನು ಕಂಡು, ಆಕಾಶದಿಂದ ಬಿದ್ದ ಬಂಡೆಯೇ ಕಾರಣವೆಂದರು. ಅದು ಮಾಡಿದ ಕುಳಿ ಮೆಕ್ಸಿಕೋ ದೇಶದ ಚಿಕ್ಸುಲೂಬ್ ಬಳಿ ನೆಲದಡಿಯಲ್ಲಿ ಸಿಕ್ಕಿದೆ. ಅದರ ಪಾತ್ರವನ್ನು ಇಂದು ಬಹುಮಂದಿ ಒಪ್ಪುತ್ತಾರೆ. ಕೆಲ್ಲರ್ ಮಾತ್ರ ಕರಿಕಲ್ಲಿನ ಬೆಂಕಿ, ಅದರ ಹೊಗೆ, ಅದರ ಗಂಧಕವೇ ಮುಖ್ಯವೆಂದು ವಾದಿಸುತ್ತ ಬಂದಿದ್ದಾರೆ.

2019ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಅಚ್ಚಾದವು. ಪ್ರಿನ್ಸ್‌ಟನ್ನಿನ ಬ್ಲೇರ್ ಶೋಯೆನ್ ಅವರ ತಂಡ ಹರಿವುಗಳ ನಡುವಣ ಪದರಗಳಲ್ಲಿ, ಬಾವಿ ತೋಡುವವರಿಗೆ ಪರಿಚಿತವಾದ ಆ ಕೆಂಪು ಮಣ್ಣಿನಲ್ಲಿಯೂ, ಸಿಕ್ಕಿದ ಜಿರ್ಕಾನ್ ಹರಳುಗಳ ಯುರೇನಿಯಂ ಸವೆತವನ್ನು ಅಳೆಯಿತು. ಬೆಂಕಿ ನಾಲ್ಕು ಆವೇಶಗಳಲ್ಲಿ ಉಕ್ಕಿತೆಂದೂ ಅವುಗಳಲ್ಲಿ ಬಹು ದೊಡ್ಡದೊಂದು ವಿನಾಶಕ್ಕೆ ತುಸು ಮೊದಲಿನದೆಂದೂ ಅವರ ಲೆಕ್ಕ. ಕರ್ಟ್ನಿ ಸ್ಪ್ರೇನ್ ಅವರ ತಂಡ ಕರಿಕಲ್ಲಿನಲ್ಲೇ ಇರುವ ಆರ್ಗಾನ್ ಅನಿಲವನ್ನು ಅಳೆದು, ಶಿಲಾರಸದ ಮುಕ್ಕಾಲು ಪಾಲು ವಿನಾಶದ ತರುವಾಯ ಬಂದುದೆಂದಿತು. ಕೋಟಿಗಟ್ಟಲೆ ವರ್ಷಗಳ ಜಗಳ ಈಗ ಕೆಲವು ಸಾವಿರ, ಕೆಲವು ಹತ್ತು ಸಾವಿರ ವರ್ಷಗಳ ಜಗಳಕ್ಕೆ ಇಳಿದಿದೆ. ಆದರೂ ಜಗಳ ಜಗಳವೇ. ವಿವಾದದ ನಡುವೆ ಸಿಕ್ಕಿರುವುದು ಅಂಬೇನಳಿ ವರ್ಗದ ಹರಿವುಗಳು. ಅವು ಗೆರೆಯ ಹಿಂದೆ ಬಂದವೆಂದರೆ ರಾಜಮಹೇಂದ್ರಿಯ ಚಿಪ್ಪುಗಳ ಮಾತಿಗೆ ಒಪ್ಪುತ್ತದೆ; ಗೆರೆಯ ಮುಂದೆ ಬಂದವೆಂದರೆ, ಗೋದಾವರಿಯ ಕೆಳಹರಿವನ್ನು ಆ ವರ್ಗಕ್ಕೆ ಸೇರಿಸಿದ್ದನ್ನೋ ಅದರ ಮೇಲಣ ಚಿಪ್ಪುಗಳ ಓದನ್ನೋ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ನನ್ನ ಮಟ್ಟಿಗೆ ಚಿಪ್ಪುಗಳ ಮಾತೇ ಹೆಚ್ಚು ನಂಬುಗೆಗೆ ಅರ್ಹವೆನಿಸುತ್ತದೆ. ಯಂತ್ರದ ಅಳತೆಯಲ್ಲಿ ಹೆಚ್ಚುಕಡಮೆಯ ಅಂಕೆಯೊಂದು ಯಾವಾಗಲೂ ಬಾಲದಂತೆ ಅಂಟಿಕೊಂಡಿರುತ್ತದೆ. ವಿನಾಶವನ್ನು ಕಂಡು ಉಳಿದ ಜೀವಿ ಯಾವ ಹರಿವಿನ ಮೇಲೆ ಮಲಗಿದೆ ಎಂಬುದರಲ್ಲಿ ಹೆಚ್ಚುಕಡಮೆಗೆ ಎಡೆ ಕಿರಿದು.

ಆ ಚಿಪ್ಪುಗಳು ಬೆಳಕಿಗೆ ಬಂದುದು ಕಾಟೇರು, ಗೌರೀಪಟ್ಟಣಗಳಲ್ಲಿ ರಸ್ತೆಗೂ ಕಟ್ಟಡಕ್ಕೂ ಬೇಕಾದ ಜಲ್ಲಿಗಾಗಿ ಕರಿಕಲ್ಲನ್ನು ಒಡೆಯುವ ಗಣಿಗಳಿಂದ. ಗಣಿ ಅಗೆಯದಿದ್ದರೆ ನಡುಪದರ ಕಾಣುತ್ತಿರಲಿಲ್ಲ. ಅಗೆತ ಮುಂದುವರಿದಂತೆಲ್ಲ ಇಂದು ಕಂಡ ಗೋಡೆ ನಾಳೆ ಇರುವುದಿಲ್ಲ. ಮೇಲುಹರಿವಿನ ಜಲ್ಲಿಯನ್ನು ಲಾರಿಗೆ ತುಂಬಿದ ಮೇಲೆ, ಕೆಳಗಣ ಜಲ್ಲಿಗೆ ಅಡ್ಡವಾದ ಸುಣ್ಣದ ಕೆಸರನ್ನು ಬೇಡದ ಮಣ್ಣೆಂದು ಗಣಿಯ ಮಗ್ಗುಲಿಗೆ ಸುರಿಯುತ್ತಾರೆ. ಮಳೆ ಬಂದಾಗ ಅದು ಕರಗಿ, ಒಳಗಿನ ಪುಟ್ಟ ಚಿಪ್ಪುಗಳೊಡನೆ ಹಳ್ಳದ ದಾರಿಯಾಗಿ ಗೋದಾವರಿಯ ಕಡೆಗೆ ಇಳಿಯುತ್ತದೆ.